ತಕ್ಕೋಲದ ಮಣ್ಣು, ಕನಕಾಂಬರದ ಕುಂಡ

ದುಬೈಗೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡದ ಬಗ್ಗೆ ಏನಾದರೂ ಹೇಳಬೇಕೆಂದು ಜನ ಕಾಯುತ್ತಾರೆ. ನಾನೂ ಅದನ್ನು ನೋಡಿದೆ. ಎತ್ತರವಾಗಿದೆ. ಕೆಳಗೆ ನಿಂತು ಕತ್ತು ನೋಯುವಷ್ಟು ಮೇಲೆ ನೋಡಿದಾಗ ನನಗೆ ಬಂದ ಮೊದಲ ಯೋಚನೆ, ಆ ತುದಿಯ ಮನೆಯವರ ನಲ್ಲಿ ಕೆಟ್ಟರೆ ರಿಪೇರಿಯವನು ಬರುತ್ತಾನೋ ಇಲ್ಲವೋ ಎಂಬುದು. ಅಲ್ಲಿಗೆ ಆ ವಿಷಯ ಮುಗಿಯಿತು. ನಾನು ಹೇಳಬೇಕಾದದ್ದು ಒಂದು ಪ್ಲಾಸ್ಟಿಕ್ ಡಬ್ಬಿ ಮಣ್ಣಿನ ವಿಚಾರ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳದೆ ಬಿಟ್ಟರೆ ಇನ್ನೂ ಹೆಚ್ಚು ನಾಚಿಕೆಯಾಗುವ ಸ್ಥಿತಿಗೆ ಬಂದಿದ್ದೇನೆ.

ತುಮಕೂರು, ಹೊರಡುವ ಮುನ್ನ

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಐವತ್ತು ದಾಟಿದೆ. ತಕ್ಕೋಲದ ಯುದ್ಧ ನನ್ನ ಹುಚ್ಚು. ಹತ್ತನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ತಕ್ಕೋಲದ ಬಯಲಿನಲ್ಲಿ ಕೃಷ್ಣನ ಅಕ್ಕನ ಗಂಡ, ಗಂಗರ ಬೂತುಗ, ಆನೆಯ ಮೇಲಿದ್ದ ಚೋಳ ಯುವರಾಜ ರಾಜಾದಿತ್ಯನನ್ನು ಕೊಂದ. ಪಟ್ಟಕ್ಕೆ ಬರಬೇಕಿದ್ದ ಹಿರಿಮಗ ಹೋದ ಮೇಲೆ ಚೋಳರ ಸಿಂಹಾಸನ ತಮ್ಮಂದಿರ ಕೈಗೆ, ಅವರಿಂದ ಅವರ ಮಕ್ಕಳ ಕೈಗೆ ಹೊರಳಾಡಿತು. ಕಡೆಗೆ ರಾಜರಾಜನಂಥವನು ಹುಟ್ಟಿದ್ದು ಕಿರಿಯವರ ಆ ಕವಲಿನಲ್ಲಿ. ಒಬ್ಬನ ಸಾವಿನಿಂದ ಒಂದು ರಾಜವಂಶದ ಮುಂದಿನ ಹೆಸರುಗಳೆಲ್ಲ ಬದಲಾದವು. ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ಧ್ವನಿ ಏರುತ್ತದೆ. ಹುಡುಗರು ಗಡಿಯಾರ ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ ಆ ಊರನ್ನು ನೋಡಲೇಬೇಕೆಂದು ರೈಲು ಹತ್ತಿದೆ. ತಕ್ಕೋಲಂ ಇರುವುದು ತಮಿಳುನಾಡಿನ ಅರಕ್ಕೋಣಂ ಪಕ್ಕ, ಬೆಂಗಳೂರಿನಿಂದ ಅರ್ಧ ದಿನದ ದಾರಿ. ಹೊರಟ ಹೊತ್ತಿಗೆ ಕಾವೇರಿ ಗಲಾಟೆ ಶುರುವಾಗಿತ್ತು. ಎದುರಿಗೆ ಕೂತವರು ಪೇಪರ್ ತೋರಿಸಿ ಕೆ.ಎ. ನಂಬರಿನ ಬಸ್ಸಿಗೆ ಕಲ್ಲು ಬಿತ್ತಂತೆ ಎಂದರು. ನಾನು ಬಸ್ಸಲ್ಲ, ನನಗೆ ನಂಬರ್ ಪ್ಲೇಟೂ ಇಲ್ಲ. ಆದರೂ ಜೋಲಾರ್‌ಪೇಟೆಯಲ್ಲಿ ಇಳಿದೆ. ಪ್ಲಾಟ್‌ಫಾರಂ ಮೇಲೆ ಕೂತು ಮನೆಯಿಂದ ತಂದ ಮೊಸರನ್ನ ತಿಂದು, ಮುಂದಿನ ರೈಲಿಗೆ ವಾಪಸ್ ಬಂದೆ. ಅದೇ ವರ್ಷ ದೀಪಾವಳಿ ವಿಶೇಷಾಂಕಕ್ಕೆ ‘ತಕ್ಕೋಲದ ಹೊಲದಲ್ಲಿ ನಿಂತು’ ಎಂದು ಆರು ಪುಟ ಬರೆದೆ. ಸಂಜೆಗೆಂಪು ಹಾಕಿದೆ. ಹೊಳೆಯ ಗಾಳಿ ಹಾಕಿದೆ. ಕೊನೆಯ ಸಾಲಿನಲ್ಲಿ ಒಂದು ಹಿಡಿ ಮಣ್ಣು ಡಬ್ಬಿಗೆ ತುಂಬಿಕೊಂಡು ಬಂದೆ ಎಂದೂ ಸೇರಿಸಿದೆ. ಸಂಪಾದಕರು ಆ ಸಾಲನ್ನು ಬಹಳ ಮೆಚ್ಚಿದರು.

ಆ ಸಾಲು ದುಬೈ ತಲುಪಿತು. ಅಲ್ಲಿನ ಕರಾಮ ಬಡಾವಣೆಯಲ್ಲಿ ವಿದ್ಯುತ್ ಸಾಮಾನಿನ ವ್ಯಾಪಾರ ಮಾಡುವ ಉಡುಪಿಯ ಸದಾನಂದಣ್ಣ ಕನ್ನಡ ಬಳಗವೊಂದರ ಅಧ್ಯಕ್ಷರು. ಅವರು ಫೋನ್ ಮಾಡಿ, “ಶಾಸ್ತ್ರಿಗಳೇ, ನೀವು ಬರ್ಲೇಬೇಕು. ಬರುವಾಗ ಆ ಮಣ್ಣು ತರ್ಲಿಕ್ಕೆ ಮರೀಬೇಡಿ. ಸ್ಟೇಜಿನಲ್ಲಿ ಇಟ್ಟು ಹೂ ಹಾಕುವ” ಎಂದರು.

ನನ್ನ ಹೆಂಡತಿ ವಿಶಾಲ ಎರಡು ದಿನ ನನ್ನ ಒದ್ದಾಟ ನೋಡಿದಳು. ಮೂರನೆಯ ದಿನ ತಾರಸಿಗೆ ಹೋಗಿ, ಕನಕಾಂಬರದ ಕುಂಡದಿಂದ ಮಣ್ಣು ಬಗೆದು, ಹಳೆಯ ಉಪ್ಪಿನಕಾಯಿ ಡಬ್ಬಿಗೆ ತುಂಬಿ ಮುಂದಿಟ್ಟಳು.

“ತಗೊಳ್ಳಿ. ನೀವಂತೂ ಯುದ್ಧಭೂಮಿ ನೋಡ್ಲಿಲ್ಲ. ನನ್ನ ಕುಂಡವಾದ್ರೂ ದುಬೈ ನೋಡ್ಲಿ.”

ಅವಳು ಹಂಗಿಸಲು ಮಾಡಿದ್ದು. ನಾನು ಅದನ್ನು ಸೂಟ್‌ಕೇಸಿಗೆ ಹಾಕಿದೆ.

ವಿಮಾನ ನಿಲ್ದಾಣ

ಯಾರೋ ಅಲ್ಲಿ ನಿಷೇಧವಿರುವ ಗಸಗಸೆ ಕೊಂಡೊಯ್ದು ದುಬೈಯಲ್ಲಿ ಸಿಕ್ಕಿಬಿದ್ದ ಕಥೆ ಕೇಳಿದ್ದೆ. ಅದಕ್ಕೇ ಸಾರಿನ ಪುಡಿಯನ್ನೂ ಬಿಟ್ಟು ಬಂದಿದ್ದೆ. ಆದರೆ ಮಣ್ಣು? ವಿಮಾನದಲ್ಲಿ ನಾಲ್ಕು ಗಂಟೆ ಆ ಡಬ್ಬಿಗೆ ಇಂಗ್ಲಿಷಿನಲ್ಲಿ ಏನು ಕಾರಣ ಹೇಳುವುದೆಂದು ಅಭ್ಯಾಸ ಮಾಡಿದೆ. ‘ಹಿಸ್ಟಾರಿಕಲ್ ಸಾಯಿಲ್, ಸರ್’ ಎಂದರೆ ಅನುಮಾನ ಹೆಚ್ಚೀತು. ‘ಗಾರ್ಡನ್ ಸಾಯಿಲ್’ ಎಂಬುದು ನಿಜ. ನಿಜ ಹೇಳಿದರೂ ಸಿಕ್ಕಿಬೀಳುವುದೇ ಎಂಬ ವಿಚಿತ್ರ ಸ್ಥಿತಿಯಲ್ಲಿ ಸಾಲಿನಲ್ಲಿ ನಿಂತೆ. ಬಿಳಿ ನಿಲುವಂಗಿಯ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ನೋಡಿ, ನನ್ನ ಬೆವರಿದ ಮುಖ ನೋಡಿ, “ಸಿಕ್?” ಎಂದು ಕೇಳಿದ. “ನೋ ಸರ್, ಟೀಚರ್” ಎಂದೆ. ಅವನು ನಕ್ಕು ಮುದ್ರೆ ಒತ್ತಿದ. ಸೂಟ್‌ಕೇಸು ಯಂತ್ರದೊಳಗೆ ಹೋಗಿ ಸುಮ್ಮನೆ ಹೊರಗೆ ಬಂತು.

ಹೊರಗೆ ನನ್ನ ಹೆಸರಿನ ಹಲಗೆ ಹಿಡಿದು ಒಬ್ಬ ಸಪೂರ ಮನುಷ್ಯ ನಿಂತಿದ್ದ. ಸದಾನಂದಣ್ಣನ ಅಂಗಡಿಯ ಡ್ರೈವರ್ ಏಳುಮಲೈ. ನಲವತ್ತರ ಆಸುಪಾಸು. ಹಣೆಯಲ್ಲಿ ತೆಳ್ಳನೆಯ ವಿಭೂತಿ.

“ಬನ್ನಿ ಸಾರ್. ಫ್ಲೈಟ್ ಚೆನ್ನಾಗಿತ್ತಾ?”

“ಕನ್ನಡ ಬರುತ್ತಾ?”

“ಬೆಂಗ್ಳೂರಲ್ಲಿ ಎಂಟು ವರ್ಷ ಆಟೊ ಓಡ್ಸಿದೀನಿ ಸಾರ್. ಊರು ತಮಿಳುನಾಡು.”

ತಮಿಳುನಾಡಿನಲ್ಲಿ ಯಾವ ಊರು ಎಂದು ನಾನು ಕೇಳಲಿಲ್ಲ. ಆಗ ಕೇಳಬೇಕಿತ್ತು.

ಕರಾಮ

ಕರಾಮ ನನಗೆ ಹಿಡಿಸಿತು. ತಗ್ಗು ಮನೆಗಳು, ಬಾಲ್ಕನಿಯಲ್ಲಿ ಒಗೆದ ಬಟ್ಟೆ, ಬೆಳಿಗ್ಗೆ ಆರಕ್ಕೇ ಸಾಂಬಾರಿನ ವಾಸನೆ. ಚಿಂತೆಗಾರನಿಗೆ ಬೇಕಾದದ್ದೆಲ್ಲ ಇದೆ: ಔಷಧಿ ಅಂಗಡಿ, ಇಡ್ಲಿ, ಕನ್ನಡದಲ್ಲಿ ಬೈಯುವ ಜನ.

ಒಂದೇ ತೊಂದರೆ, ರಸ್ತೆ ದಾಟುವುದು. ಪಟ್ಟೆಯ ಮೇಲೆ ಕಾಲಿಟ್ಟರೆ ಕಾರುಗಳು ನಿಲ್ಲುತ್ತವೆ. ತುಮಕೂರಿನಲ್ಲಿ ಪಟ್ಟೆಯ ಮೇಲೆ ಕಾಲಿಟ್ಟವನನ್ನು ಕಾರಿನವರು ಗುರಿಯೆಂದು ತಿಳಿಯುತ್ತಾರೆ. ಇಲ್ಲಿ ಬಿಳಿ ಕಾರೊಂದು ನಿಂತು ನನಗಾಗಿ ಕಾಯಿತು. ನಾನು ಅದು ಹೋಗಲಿ ಎಂದು ಕಾದೆ. ಅದು ಹೋಗಲಿಲ್ಲ. ಕೈಮುಗಿದೆ. ಒಳಗಿದ್ದ ಅರಬ್ಬಿ ಗೃಹಸ್ಥನೂ ಎದೆಯ ಮೇಲೆ ಕೈಯಿಟ್ಟುಕೊಂಡ. ಹಿಂದೆ ಐದಾರು ಕಾರು ಸೇರಿದವು. ಒಬ್ಬರೂ ಹಾರ್ನ್ ಮಾಡಲಿಲ್ಲ. ಹಾರ್ನನ್ನು ಅವರು ಚಹಾಕ್ಕೆಂದು ಉಳಿಸಿಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು. ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಎರಡು ಸಲ ಒತ್ತಿದರೆ ಮಾಣಿ ಓಡಿ ಬಂದು ಕಿಟಕಿಯಲ್ಲಿ ಚಹಾ ಕೊಡುತ್ತಾನೆ. ನಮ್ಮಲ್ಲಿ ಹಾಗೆ ಒತ್ತಿದರೆ ಮಾಲೀಕ ಕಲ್ಲು ಹಿಡಿದು ಬರುತ್ತಾನೆ.

ಸದಾನಂದಣ್ಣನ ಮಗಳು ಒಂಬತ್ತು ವರ್ಷದವಳು. ಊಟದ ಮೇಜಿನ ಮೇಲೆ ನಾನಿಟ್ಟ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

“ಅಂಕಲ್, ಈಸ್ ದಿಸ್ ರಿಯಲ್ ಬ್ಯಾಟಲ್ ಮಡ್? ಇಟ್ ಸ್ಮೆಲ್ಸ್ ಲೈಕ್ ಪಿಕಲ್.”

“ಹಾಗೆಲ್ಲ ಹೇಳ್ಲಿಕ್ಕಿಲ್ಲ ಮಗಾ,” ಎಂದರು ಸದಾನಂದಣ್ಣ. “ಸಾವಿರ ವರ್ಷದ ಮಣ್ಣು ಅದು. ಸ್ವಲ್ಪ ವಾಸನೆ ಬರ್ತದೆ.”

ಶುಕ್ರವಾರದ ಸಭೆ

ಶುಕ್ರವಾರ ಅಲ್ಲಿ ರಜೆ. ಸಂಜೆ ಶಾಲೆಯೊಂದರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಬೆಳ್ಳಿಯ ತಟ್ಟೆ, ತಟ್ಟೆಯಲ್ಲಿ ವಿಶಾಲಳ ಕುಂಡದ ಮಣ್ಣು, ಮಣ್ಣಿನ ಮೇಲೆ ಸೇವಂತಿಗೆ. ನನ್ನ ಭಾಷಣ ಚೆನ್ನಾಗಿಯೇ ಆಯಿತು. ಬೂತುಗನ ಆನೆ ರಾಜಾದಿತ್ಯನ ಆನೆಗೆ ಎದುರಾದ ಕಡೆ ನಾನು ಎಂದಿನಂತೆ ಧ್ವನಿ ಏರಿಸಿದೆ. ರಾಜಾದಿತ್ಯ ಬಿದ್ದ ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಜನ ಸಾಲಾಗಿ ಬಂದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಭಟ್ಕಳದ ಹಿರಿಯ ವ್ಯಾಪಾರಿಯೊಬ್ಬರು, “ಮಣ್ಣು ತರಬೇಕು ಅಂತ ತೋಚಿತಲ್ಲ, ಅದು ದೊಡ್ಡದು” ಎಂದು ನನ್ನ ಕೈ ಹಿಡಿದು ಕುಲುಕಿದರು. ನಾನು ಅವರ ಬೂಟು ನೋಡುತ್ತ ನಿಂತೆ.

ಹೊರಗೆ ಕಾರಿನ ಬಾಗಿಲು ತೆಗೆದ ಏಳುಮಲೈ ಮುಖ ಬೆಳಗಿತ್ತು. ಅವನು ಹಿಂದಿನ ಸಾಲಿನಲ್ಲಿ ನಿಂತು ಪೂರ್ತಿ ಕೇಳಿದ್ದನಂತೆ.

“ಸಾರ್, ತಕ್ಕೋಲಂ ನಮ್ಮೂರು ಸಾರ್! ನಾನು ಹುಟ್ಟಿದ್ದೇ ಅಲ್ಲಿ. ಅಲ್ಲಿ ಯುದ್ಧ ಆಗಿತ್ತು ಅಂತ ಯಾರೂ ಹೇಳೇ ಇಲ್ಲ.”

ನಾನು ಬೇಗನೆ ಕಾರಿನೊಳಗೆ ಕೂತು ಸೀಟ್ ಬೆಲ್ಟ್ ಹುಡುಕತೊಡಗಿದೆ.

“ಸತ್ತಿದ್ದು ಯಾರು ಸಾರ್, ನಿಮ್ಮವರಾ ನಮ್ಮವರಾ?”

“ನಿಮ್ಮ... ಚೋಳರ ಯುವರಾಜ.”

“ಅಯ್ಯೋ. ವಯಸ್ಸೆಷ್ಟು?”

ಇಪ್ಪತ್ತೈದು ವರ್ಷದಿಂದ ಆ ಮನುಷ್ಯನನ್ನು ವಾರಕ್ಕೊಮ್ಮೆ ಕೊಲ್ಲುತ್ತಿದ್ದೇನೆ. ಅವನ ವಯಸ್ಸೆಷ್ಟೆಂದು ನಾನು ಯೋಚಿಸಿಯೇ ಇರಲಿಲ್ಲ. “ಗೊತ್ತಿಲ್ಲ” ಎಂದೆ. ಆ ಪ್ರವಾಸದಲ್ಲಿ ನಾನು ಅಲ್ಲಿಯವರೆಗೆ ಹೇಳಿದ ನಿಜ ಅದೊಂದೇ.

ಅಬುಧಾಬಿಯ ರಸ್ತೆ

ಮರುದಿನ ಮಧ್ಯಾಹ್ನ ಅಬುಧಾಬಿಯಲ್ಲಿ ಇನ್ನೊಂದು ಕಾರ್ಯಕ್ರಮ. ಏಳುಮಲೈ ಪಕ್ಕದ ಸೀಟಿನಲ್ಲಿ ಸದಾನಂದಣ್ಣ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹಿಂದೆ. ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆ ದಾಟುವ ಹೊತ್ತಿಗೆ ಏಳುಮಲೈ ಕನ್ನಡಿಯಲ್ಲಿ ನನ್ನನ್ನು ನೋಡಿ ಮಾತು ತೆಗೆದ.

“ಸಾರ್, ನೀವು ಹೊಳೆ ಕಡೆ ಹೋಗಿದ್ರಲ್ಲಾ? ಗುಡಿ ದಾಟಿ, ಹೊಳೆ ದಂಡೇಲಿ ನಮ್ದೊಂದು ಹೊಲ ಇದೆ. ಅಣ್ಣಂದೂ ನಂದೂ ಜಂಟಿ. ಅಣ್ಣ ಹೇಳ್ತಾನೆ, ಅದೆಲ್ಲ ಬಳ್ಳಾರಿ ಜಾಲಿ ಬೆಳ್ದು ಹಾಳಾಯ್ತು, ಯಾರೋ ಸೈಟ್ ಮಾಡೋರು ಕೇಳ್ತಿದಾರೆ, ಮಾರ್ಬಿಡೋಣ ಅಂತ. ನನ್ನ ಪಾಲಿನ ಹಕ್ಕೆಲ್ಲ ಅಣ್ಣನ ಕೈಗೆ ಅಂತ ಪವರ್ ಪೇಪರ್‌ಗೆ ನಾನು ಸೈನ್ ಹಾಕಿ, ಎಂಬಸಿ ಆಫೀಸಲ್ಲಿ ಸೀಲೂ ಹಾಕ್ಸಿದೀನಿ. ಹತ್ತು ದಿನ ಆಯ್ತು. ಈ ಡ್ಯಾಶ್‌ಬೋರ್ಡಲ್ಲೇ ಇದೆ. ಕಳ್ಸೋಕೆ ಕೈ ಬರ್ತಿಲ್ಲ.”

“ಯಾಕೆ?” ಎಂದರು ಸದಾನಂದಣ್ಣ.

“ಇನ್ನೆರಡು ವರ್ಷಕ್ಕೆ ಊರಿಗೆ ಹೋಗಿ ಅಲ್ಲೇ ಬೇಸಾಯ ಮಾಡ್ತೀನಿ ಅಂತಿದ್ದೆ ಸಾರ್. ಬೆಂಗ್ಳೂರಲ್ಲಿರೋ ಹೆಂಡ್ತಿಗೂ ಹಂಗೇ ಹೇಳಿದೀನಿ. ಹೊಲ ಸತ್ತೋಗಿದ್ರೆ ಸರಿ, ಮಾರ್ಲಿ. ಬೆಳೆಯೋ ಹೊಲ ಆದ್ರೆ ಹೆಂಗೆ ಕೊಡ್ಲಿ?”

“ಫೋಟೊ ಕಳಿಸ್ಲಿಕ್ಕೆ ಹೇಳು ಮಾರಾಯ.”

“ಕಳ್ಸಿದ್ದ ಸಾರ್. ಬರೀ ಮುಳ್ಳು. ಆದ್ರೆ ಫೋಟೊ ಯಾವ ಮೂಲೇಲಿ ತೆಗ್ದಿದ್ದು ಅಂತ ಫೋಟೊ ಹೇಳಲ್ವಲ್ಲ. ಶಾಸ್ತ್ರಿ ಸಾರ್ ಕಣ್ಣಾರೆ ನೋಡಿದಾರೆ.” ಕನ್ನಡಿಯಲ್ಲಿ ಮತ್ತೆ ಆ ಕಣ್ಣು. “ಸಾರ್, ಹೊಳೆ ದಂಡೇಲಿ ಬೆಳೆ ಇತ್ತಾ, ಮುಳ್ಳಿತ್ತಾ?”

ಆ ಕ್ಷಣದಲ್ಲಿ ‘ನಾನು ಹೋಗೇ ಇಲ್ಲಪ್ಪ’ ಎಂದುಬಿಡಬಹುದಿತ್ತು. ಸದಾನಂದಣ್ಣ ತಿರುಗಿ ನೋಡುತ್ತಿದ್ದರು. ಅವರ ತೊಡೆಯ ಮೇಲೆ ಸೇವಂತಿಗೆ ಹೊತ್ತ ತಟ್ಟೆ. ನಿನ್ನೆ ಅದನ್ನು ಹಣೆಗೆ ಹಚ್ಚಿಕೊಂಡವರ ಸಾಲು ಕಣ್ಣ ಮುಂದೆ ಬಂತು. ಚಿಂತೆಗಾರರು ಸುಳ್ಳನ್ನೂ ಲೆಕ್ಕಾಚಾರದಿಂದ ಹೇಳುತ್ತಾರೆ. ಬೆಳೆ ಎಂದರೆ ಯಾವ ಬೆಳೆ ಎಂದು ಕೇಳುತ್ತಾನೆ. ಮುಳ್ಳು ಎಂದರೆ ಮುಂದಿನ ಪ್ರಶ್ನೆ ಇರುವುದಿಲ್ಲ. ಯಾವ ಊರಿನ ಹೊಳೆಯ ದಂಡೆಯಲ್ಲಿ ಮುಳ್ಳಿಲ್ಲ?

“ಮುಳ್ಳೇ ಜಾಸ್ತಿ ಇದ್ದ ಹಾಗಿತ್ತು” ಎಂದೆ.

ಏಳುಮಲೈ ತಲೆಯಾಡಿಸಿದ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದ. ಸ್ವಲ್ಪ ದೂರ ಹೋದ ಮೇಲೆ, “ಹಂಗಾದ್ರೆ ಅಣ್ಣ ಸುಳ್ಳು ಹೇಳಿಲ್ಲ. ನಾನೇ ಸುಮ್ನೆ ಅವನ ಮೇಲೆ... ನಾಳೆ ಕೊರಿಯರ್ ಮಾಡ್ಬಿಡ್ತೀನಿ” ಎಂದ. ಧ್ವನಿಯಲ್ಲಿ ಅಣ್ಣನನ್ನು ಅನುಮಾನಿಸಿದ ನಾಚಿಕೆಯಿತ್ತು. ನಾಚಿಕೆ ಪಡಬೇಕಾದವನು ಹಿಂದಿನ ಸೀಟಿನಲ್ಲಿದ್ದ.

ರಸ್ತೆಯ ಎರಡೂ ಕಡೆ ಮರಳು. ಆ ಮರಳಿನಲ್ಲಿ ಸಾಲು ಸಾಲು ಮರ ನೆಟ್ಟು, ಒಂದೊಂದರ ಬುಡಕ್ಕೂ ಕೊಳವೆಯಲ್ಲಿ ನೀರು ಬಿಟ್ಟಿದ್ದಾರೆ. ಸದಾನಂದಣ್ಣ ಬೆರಳು ಮಾಡಿ ತೋರಿಸಿ, “ಇಲ್ಲಿ ಒಂದು ಗಿಡ ಬದುಕ್ಲಿಕ್ಕೆ ಎಷ್ಟು ಕಷ್ಟ ಉಂಟು ನೋಡಿ” ಎಂದರು. ಏಳುಮಲೈ ಆ ಕಡೆ ನೋಡಲಿಲ್ಲ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ

ಅಬುಧಾಬಿಯ ಆ ಬಡಾವಣೆಯಲ್ಲಿ ಎಲ್ಲವೂ ದೊಡ್ಡ ದೊಡ್ಡ ವಿಲ್ಲಾಗಳು, ನಡೆಯುವವರು ಯಾರೂ ಇಲ್ಲ. ಒಬ್ಬ ಸದಸ್ಯರ ಮನೆಯ ಹಾಲಿನಲ್ಲಿ ಐವತ್ತು ಅರವತ್ತು ಜನ. ಬಾಗಿಲ ಹೊರಗೆ ಚಪ್ಪಲಿಯ ಗುಡ್ಡ. ಒಳಗಿನ ಎಸಿ ಎಷ್ಟೆಂದರೆ, ನಾನು ಶಾಲು ಹೊದಿಸುವ ಕಾರ್ಯಕ್ರಮ ಮೊದಲೇ ಆಗಲಿ ಎಂದು ಆಸೆಪಟ್ಟೆ.

ಭಾಷಣದಲ್ಲಿ ಈ ಸಲ ಧ್ವನಿ ಏರಲಿಲ್ಲ. ರಾಜಾದಿತ್ಯ ಬೀಳುವ ಕಡೆ ‘ಅವನ ವಯಸ್ಸು ನಮಗೆ ತಿಳಿಯದು’ ಎಂಬ ಮಾತು ತಾನಾಗಿಯೇ ಬಂತು. ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಗಿಸಿ ಕೂತೆ. ಆಗ ಸದಾನಂದಣ್ಣ ಮೈಕು ಹಿಡಿದು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂತೋಷವನ್ನು ಹೊರತೆಗೆದರು.

“ಒಂದು ಸರ್ಪ್ರೈಸ್ ಉಂಟು! ಆ ತಕ್ಕೋಲದಲ್ಲೇ ಹುಟ್ಟಿದವ ನಮ್ಮೊಟ್ಟಿಗೆ ಇದ್ದಾನೆ. ಏ ಏಳುಮಲೈ, ಬಾ ಮಾರಾಯ ಇಲ್ಲಿ. ಯಲ್ಲಾ ಯಲ್ಲಾ. ನಿನ್ನ ಊರಿನ ಮಣ್ಣು ಮುಟ್ಟಿ ನಾಲ್ಕು ಮಾತು ಹೇಳು.”

ಏಳುಮಲೈ ಬಾಗಿಲ ಬಳಿಯಿಂದ ಬರಿಗಾಲಲ್ಲಿ ಬಂದ. ತಟ್ಟೆಯ ಮುಂದೆ ಬಗ್ಗಿ ಕೈಮುಗಿದ. ಒಂದು ಚಿಟಿಕೆ ಮಣ್ಣು ತೆಗೆದುಕೊಂಡ. ಹಣೆಗೆ ಹಚ್ಚಿಕೊಳ್ಳುವ ಮೊದಲು, ರೈತರ ಮನೆಯವರಿಗೆ ಮಾತ್ರ ಇರುವ ಅಭ್ಯಾಸದಿಂದ, ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. ಬೆರಳು ನಿಂತಿತು. ಕೆಂಪು ಜೇಡಿಯ ನಡುವೆ ತೆಂಗಿನ ನಾರಿನ ಎಳೆಯೊಂದು ಸಿಕ್ಕಿತ್ತು. ನನ್ನ ಕುರ್ಚಿಯಿಂದಲೂ ಅದು ಕಾಣುತ್ತಿತ್ತು. ಅವನು ಆ ಎಳೆಯನ್ನು ನೋಡಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

“ಹೇಳು, ನಿನ್ನೂರಿನದ್ದೇ ಅಲ್ವಾ?” ಎಂದು ಸದಾನಂದಣ್ಣ ಮೈಕನ್ನು ಅವನ ಬಾಯಿಗೆ ಹಿಡಿದರು.

ನಾನು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡೆ.

“ನಮ್ಮೂರ ಮಣ್ಣೇ ಸಾರ್” ಎಂದ ಏಳುಮಲೈ.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ಆ ಚಿಟಿಕೆಯನ್ನು ಹಣೆಗೆ ಹಚ್ಚಿಕೊಳ್ಳಲಿಲ್ಲ. ಮತ್ತೆ ತಟ್ಟೆಗೇ ಹಾಕಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಚಪ್ಪಲಿಯ ಗುಡ್ಡದ ಕಡೆಗೆ ಹೋದ. ನನಗೆ ಶಾಲು ಹೊದಿಸಿದರು. ಆಗಲೂ ನಾನು ಎದ್ದು ನಿಜ ಹೇಳಲಿಲ್ಲ. ಶಾಲು ಬೆಚ್ಚಗಿತ್ತು.

ಕಾರಿನೊಳಗೆ

ಸದಾನಂದಣ್ಣ ಊಟದ ಪಾತ್ರೆಗಳ ಉಸ್ತುವಾರಿಯಲ್ಲಿದ್ದರು. ನಾನು ಹೊರಗೆ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತೆ. ಏಳುಮಲೈ ಎಂಜಿನ್ ಹಾಕಿ ಎಸಿಯ ಗಾಳಿಯನ್ನು ನನ್ನ ಕಡೆ ತಿರುಗಿಸಿದ. ಆ ಉಪಚಾರ ನನ್ನಿಂದ ತಡೆಯಲಾಗಲಿಲ್ಲ.

“ಏಳುಮಲೈ, ನಾನು ನಿಮ್ಮೂರಿಗೆ ಹೋಗೇ ಇಲ್ಲ.”

ಅವನು ಎದುರಿನ ಗೋಡೆಯನ್ನು ನೋಡುತ್ತ ಕೂತ. ನನ್ನ ಕಡೆ ತಿರುಗಲಿಲ್ಲ. ಅದಕ್ಕೆ ನಾನು ಈಗಲೂ ಋಣಿ.

“ಆ ಮಣ್ಣು ನಮ್ಮ ತಾರಸಿಯ ಹೂಕುಂಡದ್ದು. ರೈಲಲ್ಲಿ ಅರ್ಧ ದಾರಿ ಹೋಗಿ ಹೆದರಿಕೊಂಡು ವಾಪಸ್ ಬಂದೆ.”

“ಕುಂಡದ್ದು ಅಂತ ಗೊತ್ತಾಯ್ತು ಸಾರ್. ತೆಂಗಿನ ನಾರಿತ್ತು, ಕುಂಡಕ್ಕೆ ಬೆರ್ಸೋದು. ನಮ್ದು ಮರಳು ಮಣ್ಣು.”

“ಮತ್ತೆ ಯಾಕೆ ಹಾಗೆ ಹೇಳಿದೆ?”

“ಅಷ್ಟು ಜನದ ಮುಂದೆ ಏನಂತ ಹೇಳ್ಲಿ ಸಾರ್? ನೀವು ಕುರ್ಚಿ ಹಿಡ್ಕೊಂಡು ಕೂತಿದ್ರಿ.” ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟ. “ಮಣ್ಣಿನ ಕಥೆ ಬಿಡಿ. ಮುಳ್ಳು? ಅದನ್ನಾದ್ರೂ ಯಾರ ಹತ್ರಾನಾದ್ರೂ ಕೇಳಿದ್ರಾ?”

“ಇಲ್ಲ. ಬಾಯಿಗೆ ಬಂದದ್ದು ಹೇಳಿದೆ.”

ಈಗ ಅವನಿಗೆ ಕೋಪ ಬಂತು. ಕಿರುಚಲಿಲ್ಲ. ಎಸಿ ಆರಿಸಿದ, ಅಷ್ಟೆ.

“ಮಣ್ಣು ಸುಳ್ಳಾದ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಸಾರ್. ಮುಳ್ಳು ಸುಳ್ಳಾದ್ರೆ ನನ್ನ ಹೊಲ ಹೋಗ್ತಿತ್ತು. ನಾಳೆ ಕೊರಿಯರ್ ಮಾಡ್ತಿದ್ದೆ ನಾನು. ಗೊತ್ತಾ ನಿಮ್ಗೆ?”

ಗೊತ್ತಿತ್ತು. ಗೊತ್ತಿದ್ದೂ ಭಾಷಣ ಮಾಡಿದ್ದೆ. ಗೊತ್ತಿದ್ದೂ ಎರಡು ಸಲ ಪಲ್ಯ ಹಾಕಿಸಿಕೊಂಡಿದ್ದೆ. ಬಿಸಿ ಏರುತ್ತಿದ್ದ ಕಾರಿನಲ್ಲಿ ಶಾಲು ಹೊದ್ದುಕೊಂಡೇ ಕೂತಿದ್ದೆ. ಸದಾನಂದಣ್ಣ ಬಂದು ಬಾಗಿಲು ತೆಗೆದು, “ಎಂತದು ಮಾರಾಯ್ರೆ, ಒಳಗೆ ಬೇಯ್ತಾ ಉಂಟಲ್ಲ!” ಎಂದು ಗಾಬರಿಯಾದರು.

ಮರಳುವ ದಿನ

ವಿಮಾನ ನಿಲ್ದಾಣದ ದಾರಿಯಲ್ಲಿ ಸದಾನಂದಣ್ಣನಿಗೂ ಹೇಳಿಬಿಟ್ಟೆ. ಅವರು ಕಿಟಕಿಯ ಗಾಜು ಇಳಿಸಿ ಮತ್ತೆ ಏರಿಸಿದರು. ಆಮೇಲೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುವವರಂತೆ, “ಆಯ್ತು, ಖಲಾಸ್. ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ. ನಮ್ಮವ್ಳು ಅದಕ್ಕೆ ಗಾಜಿನ ಪೆಟ್ಟಿಗೆ ಬೇರೆ ಮಾಡಿಸಿದ್ದಾಳೆ” ಎಂದರು. ಇಳಿಯುವಾಗ ಕೈ ಕುಲುಕಿದರು, ಆದರೆ ಎಂದಿನ ಬಿಗಿ ಇರಲಿಲ್ಲ. ಯಾರಿಗೂ ಹೇಳಬೇಡಿ ಎಂದ ಅವರ ಮಾತನ್ನು ಮೀರಿ ಇದನ್ನು ಬರೆದಿದ್ದೇನೆ. ಸದಾನಂದಣ್ಣ, ಕ್ಷಮಿಸಿ. ಗಾಜಿನ ಪೆಟ್ಟಿಗೆಯಲ್ಲಿ ಕನಕಾಂಬರವನ್ನೇ ಹಾಕಿ, ಚೆನ್ನಾಗಿ ಬೆಳೆಯುತ್ತದೆ.

ಟ್ರಾಲಿ ತಳ್ಳಿಕೊಂಡು ಬಂದ ಏಳುಮಲೈ ಬಾಗಿಲ ಬಳಿ ನಿಂತ. ಎರಡು ದಿನದಿಂದ ‘ಬನ್ನಿ ಸಾರ್, ಕೂತ್ಕೊಳ್ಳಿ ಸಾರ್’ ಬಿಟ್ಟು ಬೇರೆ ಮಾತಾಡಿರಲಿಲ್ಲ. ಈಗ ಜೇಬಿನಿಂದ ಉದ್ದನೆಯ ಲಕೋಟೆ ತೆಗೆದ.

“ಪವರ್ ಪೇಪರ್ ಸಾರ್. ನೀವು ತಗೊಂಡು ಹೋಗಿ. ಈಗ ನಿಜವಾಗ್ಲೂ ಹೋಗಿ. ಒಳಗೆ ಇಳ್ದು ನೋಡಿ. ಹೊಲ ಪೂರ್ತಿ ಹಾಳಾಗಿದ್ರೆ ಅಣ್ಣನ ಕೈಗೆ ಕೊಡಿ. ಬೆಳೆ ಇದ್ರೆ ನಂಗೆ ಮಿಸ್ಡ್ ಕಾಲ್ ಕೊಡಿ, ನಾನೇ ಫೋನ್ ಮಾಡ್ತೀನಿ.”

“ನನ್ನ ಕೈಗಾ? ನನ್ನನ್ನ ಹೇಗೆ ನಂಬ್ತೀಯಪ್ಪ?”

“ಇನ್ಯಾರನ್ನ ಕಳಿಸ್ಲಿ ಸಾರ್? ಊರೋರೆಲ್ಲ ಅಣ್ಣನ ಕಡೆ. ನೀವಾದ್ರೆ ಸುಳ್ಳು ಹೇಳಿದ್ರೂ ಗೊತ್ತಾಗುತ್ತೆ. ಕನ್ನಡೀಲಿ ನೋಡಿದೀನಿ, ಕಿವಿ ಕೆಂಪಾಗುತ್ತೆ. ಅವತ್ತು ಬಿಸಿಲಿಗೆ ಅಂದ್ಕೊಂಡೆ.”

ವಿಮಾನದಲ್ಲಿ ಆ ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಕೂತೆ. ಕಳೆದುಹೋದರೆ? ಒದ್ದೆಯಾದರೆ? ಮತ್ತೆ ಕಾವೇರಿ ಗಲಾಟೆ ಶುರುವಾದರೆ? ಊಟ ತಂದ ಹುಡುಗಿ ಎದೆನೋವೇ ಎಂದು ಕೇಳಿದಳು.

ತಕ್ಕೋಲಂ

ಜೋಲಾರ್‌ಪೇಟೆ ಬಂದಾಗ ಸೀಟಿನ ಕೈಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ರೈಲು ಹೊರಟಿತು. ಅರಕ್ಕೋಣಂನಲ್ಲಿ ಇಳಿದು ಬಸ್ಸು ಹತ್ತಿದೆ. ಯಾರೂ ನನ್ನ ಮೇಲೆ ಕಲ್ಲೆಸೆಯಲಿಲ್ಲ. ಒಬ್ಬ ಅಜ್ಜಿ ಜರುಗಿ ಜಾಗ ಕೊಟ್ಟಳು.

ತಕ್ಕೋಲಂ ನಾನು ಆರು ಪುಟದಲ್ಲಿ ಬರೆದ ಯಾವುದರ ಹಾಗೂ ಇರಲಿಲ್ಲ. ಹೊಳೆಯಲ್ಲಿ ಗಾಳಿ ಬೀಸುತ್ತಿರಲಿಲ್ಲ. ಗುಡಿ ದಾಟಿ, ಕೇಳಿಕೊಂಡು ಹೋದಾಗ ಸಿಕ್ಕಿದ್ದು ಜಾಲಿಯ ಗೋಡೆ. ರಸ್ತೆಯಿಂದ ನೋಡಿದರೆ ಮುಳ್ಳು, ಮುಳ್ಳಿನಾಚೆ ಇನ್ನೂ ಮುಳ್ಳು. ಅಲ್ಲೇ ನಿಂತು ಫೋಟೊ ತೆಗೆದರೆ ಅಣ್ಣ ಕಳಿಸಿದ ಫೋಟೊವೇ ಆಗುತ್ತಿತ್ತು. ನಾನು ಹೇಳಿದ ಸುಳ್ಳೂ ಅದೇ. ಒಂದು ಕ್ಷಣ, ಸತ್ಯ ಹೇಳಿದವನಂತೆ ಸಮಾಧಾನವೂ ಆಯಿತು. ಅಷ್ಟು ನಾಚಿಕೆಗೆಟ್ಟವನು ನಾನು.

ಆಮೇಲೆ ‘ಒಳಗೆ ಇಳ್ದು ನೋಡಿ’ ಎಂದದ್ದು ನೆನಪಾಯಿತು. ಪ್ಯಾಂಟು ಹರಿಯಿತು, ಮೊಣಕೈ ಗೀರಿತು. ಮೂವತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಳ್ಳು ಮುಗಿಯಿತು. ಮುಂದೆ ಹೊಳೆಯವರೆಗೂ ಕಳೆ ಕಿತ್ತು ಹಸನಾಗಿಟ್ಟ ಹಸಿರು. ಮಿಸ್ಡ್ ಕಾಲ್ ಕೊಟ್ಟೆ. ತಕ್ಷಣ ಫೋನ್ ಬಂತು.

“ಬೆಳೆ ಇದೆ, ಏಳುಮಲೈ. ಹೊಳೆಯವರೆಗೂ ಇದೆ.”

“ಏನು ಬೆಳೆ ಸಾರ್?”

“ಗೊತ್ತಿಲ್ಲಪ್ಪ. ಮೊಣಕಾಲಿಗೂ ಬರಲ್ಲ. ದುಂಡನೆಯ ಎಲೆ, ನಾಲ್ಕು ನಾಲ್ಕು ಜೊತೆ.”

“ಕಡಲೆಕಾಯಿ. ಬುಡದಲ್ಲಿ ಬಗ್ಗಿ ನೋಡಿ, ಹೂ ಬಿಟ್ಟಿದೆಯಾ?”

ಮಂಡಿಯೂರಿದೆ. ಎಲೆ ಸರಿಸಿದೆ. ಮರಳು ಮಣ್ಣು ಬೆಚ್ಚಗಿತ್ತು. ಬುಡಕ್ಕೆ ಅಂಟಿಕೊಂಡಂತೆ ಸಣ್ಣ ಹಳದಿ ಹೂವು.

“ಬಿಟ್ಟಿದೆ. ಹಳದಿ.”

ಆ ಕಡೆ ಕಾರುಗಳು ಹೋಗುವ ಸದ್ದು ಕೇಳಿತು.

“ಹರಿದ್‌ಬಿಡಿ ಸಾರ್.”

ಹರಿದೆ. ದಪ್ಪ ಕಾಗದ, ಸೀಲಿನ ಹತ್ತಿರ ಎರಡು ಸಲ ಎಳೆಯಬೇಕಾಯಿತು. ತಲೆಯೆತ್ತಿದರೆ ಬದುವಿನ ಮೇಲೆ ಮಣ್ಣುಗೈಯ ಒಬ್ಬ ಮನುಷ್ಯ ನಿಂತು ನನ್ನನ್ನೇ ನೋಡುತ್ತಿದ್ದ. ಏಳುಮಲೈಯ ಅದೇ ಸಪೂರ ಮೈ, ಅದೇ ಹಣೆ. ತಲೆಗೂದಲು ಪೂರ್ತಿ ನರೆತಿತ್ತು.

“ಯಾರ್ ನೀಂಗ?”

“ಏಳುಮಲೈ ಕಳಿಸಿದ್ದು” ಎಂದೆ, ಕನ್ನಡದಲ್ಲೇ. ಹೆಸರು ಸಾಕಾಯಿತು. ಅವನು ನನ್ನ ಕೈಯ ಚೂರುಗಳನ್ನು ನೋಡಿದ. ತನ್ನ ಹಿಂದಿನ ಹಸಿರನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, ಯಾರೂ ಕೇಳದಿದ್ದರೂ, ಈ ವರ್ಷ ಹಂದಿಗಳ ಕಾಟ, ಅದಕ್ಕೇ ಬೇಲಿಗೆಂದು ಮುಳ್ಳು ಬಿಟ್ಟದ್ದೆಂದು ತಮಿಳಿನಲ್ಲಿ ಗಡಿಬಿಡಿಯಿಂದ ಏನೇನೋ ಹೇಳತೊಡಗಿದ. ಅವನ ಕಿವಿ ಕೆಂಪಾಗಿತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಫೋನನ್ನು ಅವನ ಕಡೆ ಚಾಚಿದೆ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಫೋನಿನೊಳಗಿಂದ “ಅಣ್ಣಾ” ಎಂಬ ಕೂಗು ಕೇಳಿದ ಮೇಲೆ ತೆಗೆದುಕೊಂಡ.

ನಾನು ನಾಲ್ಕು ಸಾಲು ಗಿಡ ದಾಟಿ ಆಚೆ ಹೋಗಿ, ಅವನಿಗೆ ಬೆನ್ನು ಹಾಕಿ ನಿಂತೆ.